ರೈಲು ಕುಶಾಲನಗರದವರೆಗೆ ಬರಲಿ, ಅಲ್ಲೇ ನಿಲ್ಲಲಿ

ಕೊಡಗಿನವರೊಬ್ಬರು ದೇಶದ ರೈಲ್ವೆ ಮಂತ್ರಿಯಾಗಿದ್ದರು ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. 1956ಕ್ಕೆ ಮುಂಚೆ ಪುಟ್ಟ ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚ 1967ರಿಂದ 1969ರವರೆಗೆ ಕೇಂದ್ರದಲ್ಲಿ ಆ ಖಾತೆ ನೋಡಿಕೊಂಡರು. ಅವರ ಕಾಲದಲ್ಲೂ ಕೊಡಗಿಗೆ ರೈಲು ಬರಲಿಲ್ಲ, ಆಮೇಲೂ ಬರಲಿಲ್ಲ. ಇವತ್ತಿಗೂ ಕರ್ನಾಟಕದಲ್ಲಿ ರೈಲು ಹಳಿ ಇಲ್ಲದ ಏಕೈಕ ಜಿಲ್ಲೆ ಇದು. ಕೆಲವರಿಗೆ ಇದು ಅವಮಾನ, ಕೆಲವರಿಗೆ ಹೆಮ್ಮೆ. ಈ ಎರಡು ಭಾವನೆಗಳ ಗುದ್ದಾಟದಲ್ಲಿ ಯಾವ ರೈಲು, ಎಲ್ಲಿಯವರೆಗೆ, ಯಾರಿಗಾಗಿ ಎಂಬ ಪ್ರಶ್ನೆಗಳನ್ನು ಕೇಳುವವರೇ ಇಲ್ಲವಾಗಿದ್ದಾರೆ.

ನಮ್ಮಲ್ಲಿ ‘ರೈಲು’ ಎಂದ ಕೂಡಲೇ ಎರಡು ಬೇರೆ ಬೇರೆ ಯೋಜನೆಗಳು ಒಂದೇ ಬುಟ್ಟಿಗೆ ಬೀಳುತ್ತವೆ. ಒಂದು, ಕೇರಳ ಬಹುಕಾಲದಿಂದ ಕೇಳುತ್ತಿರುವ ತಲಶ್ಶೇರಿ–ಮೈಸೂರು ಮಾರ್ಗ. ಇನ್ನೊಂದು, ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ಹಾದು ಕುಶಾಲನಗರಕ್ಕೆ ಬರಬೇಕಿರುವ ಮಾರ್ಗ. ವಿರೋಧಿಸುವವರು ಎರಡನ್ನೂ ಒಟ್ಟಿಗೆ ವಿರೋಧಿಸುತ್ತಾರೆ, ಬೆಂಬಲಿಸುವವರು ಎರಡಕ್ಕೂ ಒಟ್ಟಿಗೆ ತಲೆಯಾಡಿಸುತ್ತಾರೆ. ಇಬ್ಬರೂ ತಪ್ಪು.

ತಲಶ್ಶೇರಿ ಮಾರ್ಗ ಬೇಡವೇ ಬೇಡ. ಕರಾವಳಿಯಿಂದ ಮೈಸೂರಿನ ಬಯಲಿಗೆ ಬರಬೇಕಾದ ಆ ಹಳಿ ಘಟ್ಟ ಹತ್ತಲೇಬೇಕು. ವಯನಾಡಿನ ಕಡೆಯಿಂದ ಬಂದರೂ ದಕ್ಷಿಣ ಕೊಡಗಿನ ಕಡೆಯಿಂದ ಬಂದರೂ ಬ್ರಹ್ಮಗಿರಿ, ನಾಗರಹೊಳೆಯ ಆನೆಗಳ ಓಡಾಟಕ್ಕೆ ಅದು ಅಡ್ಡ. ಸುರಂಗ ಕೊರೆಯುತ್ತೇವೆ, ಕಾಡಿಗೆ ಏನೂ ಆಗುವುದಿಲ್ಲ ಎನ್ನುವವರು ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ಹಳಿಯನ್ನು ನೋಡಲಿ. 55 ಕಿಲೋಮೀಟರಿನಲ್ಲಿ 57 ಸುರಂಗಗಳಿರುವ ಆ ಮಾರ್ಗ 2018ರ ಆಗಸ್ಟ್‌ ಮಳೆಗೆ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಮತ್ತೆ ಗುಡ್ಡ ಜರಿಯಿತು. ಅದೇ 2018ರಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಮನೆ, ತೋಟಗಳ ಸಮೇತ ಇಳಿದು ಬಂದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಕುಟುಂಬವೇ ಮಣ್ಣಿನಡಿ ಸೇರಿತು. ಇಂಥ ಗುಡ್ಡಗಳನ್ನು ಕೊರೆಯಬೇಡಿ ಎನ್ನುವ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯಂಥ ಸಂಘಟನೆಗಳ ಮಾತು ಅಕ್ಷರಶಃ ಸರಿ.

ಆದರೆ ಅದೇ ಮಾತನ್ನು ಕುಶಾಲನಗರದ ಹಳಿಗೆ ಅಂಟಿಸಿದಾಗ ವಾದ ಸೋಲುತ್ತದೆ. ಸುಮಾರು 87 ಕಿಲೋಮೀಟರಿನ ಈ ಮಾರ್ಗ ಬೆಳಗೊಳದ ಬಳಿ ಹಾಸನದ ಹಳಿಯಿಂದ ಕವಲೊಡೆದು, ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು, ಶುಂಠಿ, ಜೋಳದ ಬಯಲಿನಲ್ಲಿ ಸಾಗಬೇಕಾದದ್ದು. ಬಹುಪಾಲು ದಾರಿ ಮೈಸೂರು ಜಿಲ್ಲೆಯದೇ. ಬೈಲುಕುಪ್ಪೆ, ಕೊಪ್ಪ ದಾಟಿ ಕಾವೇರಿ ಸೇತುವೆಯ ಈಚೆ ಬಂದರೆ ಕುಶಾಲನಗರ. ಘಟ್ಟ ಶುರುವಾಗುವುದು ಅದರಿಂದಾಚೆ. ಹಳಿಯೇ ಇಲ್ಲದ ಎರಡು ತಾಲ್ಲೂಕು ಕೇಂದ್ರಗಳಿಗೂ ಇದರಿಂದ ರೈಲು ಸಿಗುತ್ತದೆ. ಇದನ್ನು ‘ಕೊಡಗಿನ ಕಾಡು ಸೀಳುವ ರೈಲು’ ಎಂದು ಕರೆಯುವುದು ನಕ್ಷೆ ನೋಡದೆ ಆಡುವ ಮಾತು.

ವಿರೋಧದ ಅಸಲಿ ಕಾರಣ ಕಾಡಲ್ಲ, ಜನ ಎನ್ನುವುದು ಎಲ್ಲರಿಗೂ ಗೊತ್ತು. ರೈಲು ಬಂದರೆ ಹೊರಗಿನವರು ತುಂಬಿಕೊಳ್ಳುತ್ತಾರೆ, ಜಾಗ ಪರಭಾರೆಯಾಗುತ್ತದೆ ಎಂಬ ಭಯ. ಐದೂವರೆ ಲಕ್ಷ ಜನರ ಪುಟ್ಟ ಜಿಲ್ಲೆಗೆ ಈ ಭಯ ಸಹಜ, ಹಗುರವಾಗಿ ನೋಡುವಂಥದ್ದಲ್ಲ. ಆದರೆ ಹೊರಗಿನವರು ರೈಲಿಗಾಗಿ ಕಾದು ಕುಳಿತಿದ್ದಾರೆಯೇ? ಕಾಫಿ ಕೊಯ್ಲಿಗೆ ಅಸ್ಸಾಂ, ಬಂಗಾಳದಿಂದ ಬರುವ ಕಾರ್ಮಿಕರು ಮೈಸೂರಿನಲ್ಲಿ ಇಳಿದು, ಬಸ್ಸು ಹತ್ತಿ, ತೋಟದ ಲೈನ್‌ಮನೆ ತಲುಪಿ ಎಷ್ಟೋ ವರ್ಷವಾಯಿತು. ಅವರನ್ನು ಕರೆಸಿಕೊಂಡವರು ನಾವೇ, ಅವರಿಲ್ಲದೆ ಕೊಯ್ಲು ಮುಗಿಯುವುದಿಲ್ಲ. ರೆಸಾರ್ಟ್ ಕಟ್ಟಲು ಜಾಗ ಕೊಳ್ಳುವವರು ಸ್ಲೀಪರ್ ಬೋಗಿಯಲ್ಲಿ ಬರುವವರಲ್ಲ. ಅವರು ಕಾರಿನಲ್ಲಿ ಬಂದು, ಇಲ್ಲಿಯವರಿಂದಲೇ ಕೊಂಡು, ಇಲ್ಲಿನ ಕಚೇರಿಯಲ್ಲೇ ಭೂಪರಿವರ್ತನೆ ಮಾಡಿಸಿಕೊಂಡು ಹೋಗಿದ್ದಾರೆ. ಆ ಬಾಗಿಲು ತೆರೆದಿಟ್ಟು ರೈಲಿನ ವಿರುದ್ಧ ಘೋಷಣೆ ಕೂಗುವುದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕೊಪ್ಪದ ಸೇತುವೆ ಬಳಿ ನಿಂತರೆ ಸಾಕು. ಬೆಂಗಳೂರು ನೋಂದಣಿಯ ಕಾರುಗಳು ಒಂದರ ಬಾಲಕ್ಕೊಂದು. ಕೆಲವು ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ಕಡೆ ತಿರುಗಲು, ಕೆಲವು ಮಡಿಕೇರಿ ಹತ್ತಲು ಕಾದು ನಿಂತಿರುತ್ತವೆ. ನಡುವೆ ಸಿಕ್ಕಿಬಿದ್ದ ಬಸ್ಸಿನಲ್ಲಿ, ಮೈಸೂರಿನ ಆಸ್ಪತ್ರೆಗೆ ಹೊರಟ ಮುದುಕಿಯೊಬ್ಬರು ವರದಿಗಳ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲೆ ಹಿಡಿದು ಕಿಟಕಿಯಾಚೆ ನೋಡುತ್ತಿರುತ್ತಾರೆ. ಈಗಿನ ಪ್ರವಾಸಿ ನೀತಿಯ ಫಲ ಇದು: ಬಂದು ಹೋಗುವವನಿಗೆ ದಾರಿ ಅಗಲವಾಗುತ್ತಿದೆ, ಇಲ್ಲೇ ಇರುವವರಿಗೆ ಸೀಟಿಲ್ಲ.

ದಾರಿ ಅಗಲವಾಗುತ್ತಿರುವುದು ಸುಮ್ಮನೆ ಹೇಳಿದ ಮಾತಲ್ಲ. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿ ಮೈಸೂರು–ಕುಶಾಲನಗರ ಚತುಷ್ಪಥಕ್ಕೆ ಶಂಕುಸ್ಥಾಪನೆ ಮಾಡಿದರು. 92 ಕಿಲೋಮೀಟರ್, ಸುಮಾರು 4,130 ಕೋಟಿ ರೂಪಾಯಿ. ಬೆಂಗಳೂರಿನಿಂದ ಕುಶಾಲನಗರದ ಐದು ಗಂಟೆಯ ಪ್ರಯಾಣ ಎರಡೂವರೆ ಗಂಟೆಗೆ ಇಳಿಯುತ್ತದೆ ಎಂಬುದು ಸರ್ಕಾರವೇ ಕೊಟ್ಟ ಭರವಸೆ. ಅದೇ ಊರಿಗೆ ರೈಲು ಹಾಕಲು 2019ರ ಸುಮಾರಿಗೆ ಹಾಕಿದ್ದ ಅಂದಾಜು 1,854 ಕೋಟಿ. ಇಂದಿನ ದರದಲ್ಲಿ ಅದೂ ಹೆಚ್ಚೀತು, ನಿಜ. ಆದರೂ ರಸ್ತೆಗೆ ಹಣ ಬಂತು, ಹಳಿಗೆ ಬಂದದ್ದು ಸಮೀಕ್ಷೆಯ ಮೇಲೆ ಸಮೀಕ್ಷೆ. ರಸ್ತೆಯನ್ನೂ ವಿರೋಧಿಸಿದ ಪರಿಸರವಾದಿಗಳು ನಮ್ಮಲ್ಲಿದ್ದಾರೆ, ಅವರ ನಿಲುವಿನಲ್ಲಿ ಒಂದು ಪ್ರಾಮಾಣಿಕತೆ ಇದೆ. ರಸ್ತೆಗೆ ಹಾರ ಹಾಕಿ ರೈಲಿಗೆ ಕಪ್ಪು ಬಾವುಟ ತೋರಿಸುವವರಿಗೆ ಏನು ಹೇಳುವುದು?

ಇಪ್ಪತ್ತು ಬೋಗಿಯ ಒಂದು ರೈಲಿನಲ್ಲಿ ಸಾವಿರದೈನೂರು ಜನ ಬರಬಹುದು. ಕಾರಿಗೆ ನಾಲ್ವರಂತೆ ಅದೇ ಜನ ಬಂದರೆ ಮುನ್ನೂರೆಪ್ಪತ್ತಕ್ಕೂ ಹೆಚ್ಚು ಕಾರು. ಮಡಿಕೇರಿಯ ರಾಜಾಸೀಟಿನ ರಸ್ತೆಯಲ್ಲಿ ನಿಲ್ಲಲು ಜಾಗ ಕೇಳುವುದು ಮನುಷ್ಯರಲ್ಲ, ಈ ಕಾರುಗಳು. ಊಟಿಗೆ 1908ರಿಂದ ರೈಲಿದೆ, ಆದರೂ ಊಟಿ ಕೆಟ್ಟಿಲ್ಲವೇ ಎನ್ನಬಹುದು. ಊಟಿಯದು ಬೆರಳೆಣಿಕೆ ಬೋಗಿಗಳ ಪುಟ್ಟ ರೈಲು, ಊರನ್ನು ಕೆಡಿಸಿದ್ದು ಕಾರು. ಅದಕ್ಕೇ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ, ಕೊಡೈಕೆನಾಲ್‌ಗೆ ಬರುವ ವಾಹನಗಳಿಗೆ ಇ–ಪಾಸ್ ಕಡ್ಡಾಯವಾಯಿತು. ಮಹಾರಾಷ್ಟ್ರದ ಮಾಥೇರಾನ್ ಇನ್ನೂ ಒಳ್ಳೆಯ ಪಾಠ. ಅಲ್ಲಿಗೆ 1907ರಿಂದ ರೈಲುಂಟು, ಪ್ರವಾಸಿಗಳ ಕಾರು ಮಾತ್ರ ಊರ ಹೊರಗೇ ನಿಲ್ಲಬೇಕು. ಮಿತಿ ಹಾಕುವ ಧೈರ್ಯವಿದ್ದರೆ ರೈಲೇ ಬೆಟ್ಟದ ಕಾವಲಾಗಬಲ್ಲದು.

ಹಾಗೆಂದು ಹಳಿ ಹಾಕಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವ ಭ್ರಮೆ ಬೇಡ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಸೋಮವಾರಪೇಟೆ, ಸಿದ್ದಾಪುರ, ವಿರಾಜಪೇಟೆ ಇನ್ನೊಂದೊಂದು ದಿಕ್ಕು. ಒಳನಾಡಿನಲ್ಲಿ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹಾಗಾಗಿ ಸರ್ಕಾರಿ ಬಸ್ಸಿಗಷ್ಟೇ ಸೀಮಿತವಾದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಅಲ್ಲಿನ ಹೆಣ್ಣುಮಕ್ಕಳಿಗೆ ಅಷ್ಟಾಗಿ ಸಿಕ್ಕಿಲ್ಲ. ರೈಲು ಬಂದು ನಿಂತು, ಹೊರಗೆ ಟ್ಯಾಕ್ಸಿ ಬಿಟ್ಟರೆ ಬೇರೇನೂ ಇಲ್ಲ ಎಂದಾದರೆ ಅದು ಪ್ರವಾಸಿಯ ರೈಲಾದೀತೇ ಹೊರತು ನಮ್ಮದಾಗದು. ರಜೆಯಲ್ಲಿ ಬರುವ ಸೈನಿಕ, ಮೈಸೂರಿನಲ್ಲಿ ಓದುವ ತೋಟದ ಕಾರ್ಮಿಕನ ಮಗಳು, 2019ರಲ್ಲಿ ‘ಕೊಡಗಿಗೆ ಸುಸಜ್ಜಿತ ಆಸ್ಪತ್ರೆ ಬೇಕು’ ಎಂದು ಕೂಗಿ ಇವತ್ತಿಗೂ ಮೈಸೂರು, ಮಂಗಳೂರಿಗೆ ಅಲೆಯುವ ರೋಗಿಗಳು, ಇವರ ಹೊತ್ತಿಗೆ ಹೊಂದುವ ವೇಳಾಪಟ್ಟಿ ಬೇಕು. ಕುಶಾಲನಗರ ಬಳಿಯ ಕೂಡ್ಲೂರಿನ ಕಾಫಿ ಕ್ಯೂರಿಂಗ್ ಘಟಕಗಳ ಮೂಟೆ ಬೆಳಗೊಳ, ಹಾಸನದ ಮೇಲೆ ಮಂಗಳೂರು ಬಂದರಿಗೆ ಹೋಗುವಂತಾದರೆ ರಸ್ತೆಯ ಲಾರಿಗಳೂ ಕಡಿಮೆಯಾಗುತ್ತವೆ.

ಆದ್ದರಿಂದ ಕೊಡಗು ರೈಲು ಬೇಡ ಎನ್ನುವ ಬದಲು ಷರತ್ತು ಹಾಕಬೇಕು. ಕುಶಾಲನಗರವೇ ಕೊನೆಯ ನಿಲ್ದಾಣ, ಅದರಾಚೆ ಸಮೀಕ್ಷೆಗೂ ಅವಕಾಶವಿಲ್ಲ, ತಲಶ್ಶೇರಿ ಮಾರ್ಗಕ್ಕೆ ಒಪ್ಪಿಗೆ ಇಲ್ಲ ಎಂದು ರಾಜ್ಯ ಸರ್ಕಾರ ವಿಧಾನಮಂಡಲದಲ್ಲಿ ನಿರ್ಣಯ ಮಾಡಲಿ. ಪ್ರತಿ ರೈಲಿಗೂ ಹೊಂದಿಕೊಂಡು ಹೊರಡುವ ಸರ್ಕಾರಿ ಬಸ್ಸು ಐದೂ ತಾಲ್ಲೂಕಿಗೆ ಇರಲಿ. ನಿಲ್ದಾಣದ ಸುತ್ತ ಭೂಪರಿವರ್ತನೆಗೆ ಹಳಿ ಬೀಳುವ ಮೊದಲೇ ತಡೆ ಬರಲಿ. ವಾರಾಂತ್ಯದಲ್ಲಿ ಮಡಿಕೇರಿ ಹತ್ತುವ ಪ್ರವಾಸಿ ಕಾರುಗಳಿಗೆ ನೀಲಗಿರಿಯ ಮಾದರಿಯ ಮಿತಿ ಬರಲಿ.

ಚುನಾವಣೆ ಬಂದಾಗಲೆಲ್ಲ ‘ಕೊಡಗಿಗೆ ರೈಲು ತಂದೇ ತರುತ್ತೇವೆ’ ಎನ್ನುವ ಎಲ್ಲ ಪಕ್ಷದವರೂ ಈ ನಾಲ್ಕು ಷರತ್ತುಗಳಿಗೆ ಸಹಿ ಹಾಕಲಿ. ಸಂಸದರು ದೆಹಲಿಯಲ್ಲಿ, ಶಾಸಕರಿಬ್ಬರು ಬೆಂಗಳೂರಿನಲ್ಲಿ ಒಂದೇ ಮಾತು ಆಡಲಿ. ಸಹಿ ಹಾಕಲು ಹಿಂಜರಿದವರಿಗೆ ಬೇಕಿರುವುದು ರೈಲಲ್ಲ, ಅದರ ಬೆನ್ನಿಗೆ ಏರುವ ಜಾಗದ ಬೆಲೆ ಎಂದು ತಿಳಿದುಕೊಂಡೇ ಮುಂದಿನ ಸಲ ಮತ ಹಾಕೋಣ.