ಅರ್ಧ ಗಂಟೆ ತಡವಾದರೆ ಆಕಾಶ ಬೀಳುತ್ತಾ?

2011ರಲ್ಲಿ ಬೆಂಗಳೂರಿಗೆ ಮೆಟ್ರೊ ಬಂದಾಗ ‘ಸದ್ಯ, ಇನ್ನು ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು’ ಅಂದುಕೊಂಡವರಲ್ಲಿ ನಾನೂ ಒಬ್ಬಳು. ಆದರೆ ಮುಂದಿನ ರೈಲು ಕದಲದಿದ್ದರೆ ಹಿಂದಿನದೂ ನಿಲ್ಲಲೇಬೇಕು. ಅದು ನಮ್ಮ ಸುರಕ್ಷತೆಗೇ.

ಮೊನ್ನೆ ಸಂಜೆ ರೈಲು ನಿಲ್ದಾಣದಲ್ಲೇ ನಿಂತಾಗ ಗಮನಿಸಿದೆ. ಗಂಡಸರು ಆರಾಮಾಗಿ ಮೊಬೈಲ್ ನೋಡುತ್ತಿದ್ದರು. ಹೆಂಗಸರು ಮಾತ್ರ ‘ಸಾರಿ ಅತ್ತೆ, ಇನ್ನೇನು ಬಂದ್ಬಿಟ್ಟೆ’ ಎಂದು ಫೋನಿನಲ್ಲಿ ಗೋಗರೆಯುತ್ತಿದ್ದರು. ನನ್ನದೂ ಅದೇ ಕಥೆ!

ರೈಲು ನಿಂತಿದ್ದಕ್ಕೆ ನಾವೇಕೆ ತಪ್ಪಿತಸ್ಥರ ಹಾಗೆ ಒದ್ದಾಡಬೇಕು, ಹೇಳಿ? ‘ತಡವಾಗುತ್ತೆ’ ಅಂತ ತಿಳಿಸಿ, ಸಾಕು. ಪಕ್ಕದ ಮನೆಯಲ್ಲಿ ಇನ್ನೊಂದು ಬೀಗದ ಕೈ ಇರಲಿ. ಕುಕ್ಕರ್ ಇಡುವುದು ಯಜಮಾನರಿಗೂ ಮಗನಿಗೂ ಗೊತ್ತಿರಲಿ. ಯಾರು ಇಟ್ಟರೂ ಅನ್ನ ಬೇಯುತ್ತೆ, ಅಲ್ವಾ?