ಗುಳ್ಳೆ ಎದ್ದವನನ್ನು ಕೆಲಸದಿಂದ ಓಡಿಸುವುದು ನ್ಯಾಯವೆ?

ಗಿರಣಿಯಲ್ಲಿ ದುಡಿಯುವವನ ಮುಖದಲ್ಲಿ ಗುಳ್ಳೆ ಎದ್ದರೆ ಪಕ್ಕದವನು ದೂರ ಸರಿಯುತ್ತಾನೆ. ಗಲ್ಲಾದಲ್ಲಿ ಕುಳಿತವನಿಗೆ ಎದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಈ ಹೆದರಿಕೆಗೆ ಆಧಾರವೆಷ್ಟೆಂಬುದನ್ನು ಕಾರ್ಮಿಕ ಬಂಧುಗಳೂ ವ್ಯಾಪಾರಿ ಮಿತ್ರರೂ ವಿಚಾರ ಮಾಡಬೇಕು.

ಎಚ್.ಐ.ವಿ. ಸೋಂಕಿದ್ದವರಲ್ಲಿ ಅಪರೂಪವಾಗಿ ಕಾಣುವ ಚರ್ಮರೋಗವೊಂದುಂಟು. ವೈದ್ಯರು ಅದನ್ನು ಇಯೋಸಿನೋಫಿಲಿಕ್ ಫಾಲಿಕ್ಯುಲೈಟಿಸ್ ಎನ್ನುತ್ತಾರೆ. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಕೂದಲಿನ ಬುಡದಲ್ಲಿ ಸೇರಿ ಉರಿಯೂತವಾಗುತ್ತದೆ. ಮುಖ, ಕತ್ತು, ಎದೆ, ಬೆನ್ನಿನ ಮೇಲೆ ಗುಳ್ಳೆಗಳೆದ್ದು, ನಿದ್ದೆಗೆಡಿಸುವ ತುರಿಕೆ ಹತ್ತುತ್ತದೆ. ದೇಹದ ರಕ್ಷಣಾಶಕ್ತಿ ತೋರಿಸುವ ಸಿ.ಡಿ.4 ಕಣಗಳ ಎಣಿಕೆ ಸುಮಾರು 250ಕ್ಕಿಂತ ಕೆಳಗಿಳಿದವರಲ್ಲಿ ಇದು ಹೆಚ್ಚು. ಇದು ಮುಟ್ಟಿದರೆ ಅಂಟುವ ರೋಗವಲ್ಲ. ಜೊತೆಯಲ್ಲಿ ದುಡಿದರೆ, ಒಂದೇ ಲೋಟದಲ್ಲಿ ಚಹಾ ಕುಡಿದರೆ ಎಚ್.ಐ.ವಿ.ಯೂ ಅಂಟುವುದಿಲ್ಲ. ಗುಳ್ಳೆ ಎದ್ದವರಿಗೆಲ್ಲ ಎಚ್.ಐ.ವಿ. ಇದೆಯೆಂದು ಭಾವಿಸುವುದೂ ತಪ್ಪು. ಯಾವುದು ಯಾವ ರೋಗವೆಂದು ಹೇಳಬೇಕಾದವರು ವೈದ್ಯರು, ಮೇಸ್ತ್ರಿಯಲ್ಲ.

ಇದನ್ನು ಮೊಡವೆಯೆಂದೋ ಕಜ್ಜಿಯೆಂದೋ ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತ ಕುಳಿತರೆ ಒಳಗಿನ ಸೋಂಕು ಬಲಿಯುತ್ತದೆ. ಮುಖ್ಯ ಚಿಕಿತ್ಸೆ ಎ.ಆರ್.ಟಿ. ಮಾತ್ರೆ. 2004ರಿಂದ ಸರಕಾರ ಅದನ್ನು ಉಚಿತವಾಗಿ ಕೊಡುತ್ತಿದೆ. ರಕ್ತಪರೀಕ್ಷೆಯೂ ಸರಕಾರಿ ಕೇಂದ್ರಗಳಲ್ಲಿ ಉಚಿತ. ಒಂದು ಎಚ್ಚರಿಕೆ: ಮಾತ್ರೆ ಆರಂಭಿಸಿದ ಮೊದಲ ಕೆಲವು ತಿಂಗಳಲ್ಲಿ, ರಕ್ಷಣಾಶಕ್ತಿ ಮರಳುವಾಗ, ಗುಳ್ಳೆಗಳು ಹೆಚ್ಚಬಹುದು. ಆಗ ವೈದ್ಯರಿಗೆ ತೋರಿಸಬೇಕೇ ಹೊರತು ಹೆದರಿ ಮಾತ್ರೆ ಬಿಡಬಾರದು.

ಮದ್ದು ಉಚಿತವಾಗಿದ್ದರೂ ಜನ ಪರೀಕ್ಷೆಗೆ ಹಿಂಜರಿಯುವುದೇಕೆ? ವಿಷಯ ಹೊರಬಿದ್ದರೆ ಅನ್ನ ಹೋದೀತೆಂಬ ಭಯದಿಂದ. 2017ರ ಎಚ್.ಐ.ವಿ. ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್.ಐ.ವಿ. ಇದೆಯೆಂದು ನೌಕರಿಯಲ್ಲಿ ಭೇದ ಮಾಡುವುದನ್ನು, ಕೆಲಸ ಕೊಡಲು ಪರೀಕ್ಷೆಯ ಷರತ್ತು ಹಾಕುವುದನ್ನು ಅದು ನಿಷೇಧಿಸುತ್ತದೆ. ನೂರು ಮಂದಿ ಅಥವಾ ಹೆಚ್ಚು ಜನರಿರುವ ಸಂಸ್ಥೆ ದೂರು ಕೇಳುವ ಅಧಿಕಾರಿಯನ್ನು ನೇಮಿಸಲೇಬೇಕು. ನಿಮ್ಮ ಗಿರಣಿಯಲ್ಲಿ ಆ ಅಧಿಕಾರಿ ಯಾರು? ಸಂಘದವರು ಆಡಳಿತವರ್ಗವನ್ನು ಕೇಳಿ, ಲಿಖಿತ ಉತ್ತರ ಪಡೆಯಬೇಕು. ಪರೀಕ್ಷೆಗೆ, ಮಾತ್ರೆ ತರುವುದಕ್ಕೆ ಹೋದ ದಿನದ ಕೂಲಿ ಕತ್ತರಿಸಬಾರದೆಂಬುದೂ ನಮ್ಮ ಬೇಡಿಕೆಯಾಗಬೇಕು.

ಅಂಗಡಿಕಾರರಿಗೂ ಒಂದು ಮಾತು. ಗುಳ್ಳೆ ಎದ್ದ ಆಳನ್ನು ಲೆಕ್ಕ ತೀರಿಸಿ ಕಳಿಸಬೇಡಿ, ಆಸ್ಪತ್ರೆಗೆ ಕಳಿಸಿ. ಕೆಲಸ ಉಳಿಯುತ್ತದೆಂಬ ಭರವಸೆ ಇದ್ದರೆ ಮಾತ್ರ ಅವನು ಹೋಗುತ್ತಾನೆ.