ಕಾಡ್ಗಿಚ್ಚಿನ ಪ್ರದೇಶದ ಕಟ್ಟಡ ನಿಯಮ: ಹಳೆಯ ಮನೆಗಳ ಹೊಣೆ ಯಾರದು?

2018ರ ನವೆಂಬರ್ 8ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪ್ಯಾರಡೈಸ್ ಪಟ್ಟಣವು ಕಾಡ್ಗಿಚ್ಚಿಗೆ ತುತ್ತಾಯಿತು. ಆ ಬೆಂಕಿಯಲ್ಲಿ 85 ಮಂದಿ ಅಸುನೀಗಿದರು. 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಬೂದಿಯ ನಡುವೆ ಅಲ್ಲಲ್ಲಿ ಕೆಲವು ಮನೆಗಳು ಮಾತ್ರ ನಿಂತಿದ್ದವು. ಪತ್ರಿಕಾ ಸಮೂಹವೊಂದು ಬಳಿಕ ಲೆಕ್ಕ ಹಾಕಿದಾಗ, 2008ರ ನಂತರ ಕಟ್ಟಿದ ಸುಮಾರು 350 ಮನೆಗಳಲ್ಲಿ ಶೇ. 51ರಷ್ಟು ಹಾನಿಯಿಲ್ಲದೆ ಉಳಿದಿದ್ದು ಕಂಡುಬಂದಿತು. ಅದಕ್ಕೂ ಹಿಂದಿನ ಸುಮಾರು 12,100 ಮನೆಗಳಲ್ಲಿ ಉಳಿದದ್ದು ಶೇ. 18 ಮಾತ್ರ.

2008ರಲ್ಲಿ ಆ ರಾಜ್ಯದ ಕಟ್ಟಡ ಸಂಹಿತೆಯ '7ಎ' ಅಧ್ಯಾಯವು ಪೂರ್ಣವಾಗಿ ಜಾರಿಗೆ ಬಂದಿತ್ತು. ಅದರ ತಿರುಳು ಸರಳವಾದುದು. ಕಾಡ್ಗಿಚ್ಚಿನಲ್ಲಿ ಮನೆಗಳು ಬಹುತೇಕ ಹೊತ್ತಿಕೊಳ್ಳುವುದು ಎದುರು ಬರುವ ಜ್ವಾಲೆಯಿಂದಲ್ಲ, ಗಾಳಿಯಲ್ಲಿ ತೂರಿಬರುವ ಕೆಂಡದ ಚೂರುಗಳಿಂದ. ಅಟ್ಟದ ಗಾಳಿಕಿಂಡಿಯಲ್ಲಿ ಒಂದು ಕಿಡಿ ಒಳಹೊಕ್ಕರೆ ಮನೆ ಒಳಗಿನಿಂದಲೇ ಉರಿಯುತ್ತದೆ. ಹಂಚಿನ ಮಾಡು ತಾನಾಗಿ ಉರಿಯದು, ನಿಜ. ಆದರೆ ಸೂರಿನಂಚಿನಲ್ಲಿ ಬಾಯ್ತೆರೆದ ಹಂಚುಗಳ ಕೆಳಗೆ ಹಕ್ಕಿಗಳು ಗೂಡು ಕಟ್ಟಿರುತ್ತವೆ, ಒಣ ಎಲೆ ಸೇರಿರುತ್ತದೆ. ಕಿಡಿಗೆ ಅಷ್ಟು ಸಾಕು. ಆದ್ದರಿಂದ ಈ ಅಧ್ಯಾಯವು ಹಂಚಿನ ಸಂದು ಮುಚ್ಚಬೇಕು, ಗಾಳಿಕಿಂಡಿಗೆ ಕಿಡಿ ತಡೆಯುವ ಸಣ್ಣ ಕಣ್ಣಿನ ಲೋಹದ ಜಾಲರಿ ಇರಬೇಕು, ಕಿಟಕಿಗೆ ಶಾಖಕ್ಕೆ ಸಿಡಿಯದ ಗಾಜು ಬೇಕು ಎಂದು ವಿಧಿಸಿತು.

ಇಂತಹ ನಿಯಮಗಳಿಂದ ಮನೆ ದುಬಾರಿಯಾಗುತ್ತದೆ ಎಂಬ ವಾದ ಅಲ್ಲಿ ಬಹುಕಾಲದಿಂದ ಇದೆ. ಹೊಸ ಮನೆಗಳ ಮಟ್ಟಿಗೆ ಅದು ನಿಲ್ಲುವಂಥದ್ದಲ್ಲ. ಹೆಡ್‌ವಾಟರ್ಸ್ ಎಕನಾಮಿಕ್ಸ್ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಂಕಿ ತಾಳುವ ಹೊಸ ಮನೆಯ ವೆಚ್ಚವು ಸಾಮಾನ್ಯ ಮನೆಯ ವೆಚ್ಚಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ಕಂಡಿದೆ. ನಿಜವಾದ ತೊಡಕು ಬೇರೆ ಕಡೆ ಇದೆ: ಈ ನಿಯಮಗಳು ಅನ್ವಯಿಸುವುದು ಹೊಸ ಕಟ್ಟಡಗಳಿಗೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಎದ್ದ ಎರಡು ಬೆಂಕಿಗಳಲ್ಲಿ 16,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಆಲ್ಟಡೀನಾದಲ್ಲಿ ಸುಟ್ಟುಹೋದವು ಬಹುತೇಕ ದಶಕಗಳ ಹಿಂದಿನ ಮನೆಗಳು. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ಒಂದು ಹಳೆಯ ಮನೆ ಹೊತ್ತಿಕೊಂಡರೆ ಪಕ್ಕದ ಹೊಸ ಮನೆಗೂ ಅಪಾಯ ತಪ್ಪಿದ್ದಲ್ಲ.

ಸ್ಥಳೀಯ ಸಂಸ್ಥೆಗಳ ಪಾತ್ರವೂ ಇಲ್ಲಿ ಸಣ್ಣದಲ್ಲ. 25 ಮಂದಿಯನ್ನು ಬಲಿ ತೆಗೆದುಕೊಂಡ 1991ರ ಓಕ್ಲೆಂಡ್ ಬೆಂಕಿಯ ಮರುವರ್ಷ ಬಂದ ಕಾನೂನಿನಂತೆ, ಅಪಾಯ ವಲಯದ ನಕ್ಷೆಯನ್ನು ರಾಜ್ಯವು ಸೂಚಿಸುತ್ತಿತ್ತು; ನಗರಸಭೆಗಳು ಅದನ್ನು ಒಪ್ಪದೆಯೂ ಇರಬಹುದಿತ್ತು. ಹಲವು ಊರುಗಳು ಒಪ್ಪಲೂ ಇಲ್ಲ. ಇಂದು ಸ್ಥಳೀಯ ಸಂಸ್ಥೆಗಳು ವಲಯದ ಮಟ್ಟವನ್ನು ಏರಿಸಬಹುದೇ ಹೊರತು ಇಳಿಸುವಂತಿಲ್ಲ. ಇದು ಸರಿಯಾದ ತಿದ್ದುಪಡಿ. ನೆರೆಯ ಆರೆಗನ್ ರಾಜ್ಯ ಹಿಡಿದದ್ದು ಇದರ ತದ್ವಿರುದ್ಧ ದಾರಿ. 2021ರ ಕಾನೂನಿನಂತೆ ಸಿದ್ಧವಾದ ನಕ್ಷೆಯನ್ನು ಆಸ್ತಿ ಮಾಲೀಕರ ಆಕ್ರೋಶಕ್ಕೆ ಮಣಿದು 2025ರಲ್ಲಿ ಕೈಬಿಟ್ಟು, ಮಾದರಿ ನಿಯಮಗಳನ್ನು ಅಳವಡಿಸುವುದನ್ನು ಸ್ಥಳೀಯರ ಇಚ್ಛೆಗೆ ಬಿಟ್ಟಿತು. ಆ ಆಕ್ರೋಶವು ಬರಿಯ ಹಠವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮಾಲೀಕನ ಕೈಗೆ ನಕ್ಷೆ ಮೊದಲು ಬಂದಿತು. ದುರಸ್ತಿಯ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಬರಲಿಲ್ಲ.

ಈ ಖರ್ಚನ್ನು ಮಾಲೀಕನೊಬ್ಬನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಅದರ ಲಾಭ ಇಡೀ ಬೀದಿಗೂ ವಿಮಾ ಕಂಪನಿಗೂ ಸೇರುತ್ತದೆ. ಇಂತಹ ಸುಧಾರಣೆ ಮಾಡಿಕೊಂಡವರಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ನೀಡಬೇಕೆಂದು ಕ್ಯಾಲಿಫೋರ್ನಿಯಾ 2022ರಲ್ಲಿ ವಿಮಾ ಕಂಪನಿಗಳಿಗೆ ವಿಧಿಸಿತು. ಆದರೆ 2023ರ ಮೇ ತಿಂಗಳಲ್ಲಿ ಸ್ಟೇಟ್ ಫಾರ್ಮ್ ಅಲ್ಲಿ ಹೊಸ ಗೃಹ ವಿಮೆಯ ಅರ್ಜಿಗಳನ್ನೇ ನಿಲ್ಲಿಸಿತು. ವಿಮೆಯೇ ಸಿಗದವನಿಗೆ ರಿಯಾಯಿತಿಯಿಂದೇನು ಪ್ರಯೋಜನ? ಅಪಾಯ ವಲಯದಲ್ಲಿ 2010ಕ್ಕೂ ಹಿಂದೆ ಕಟ್ಟಿದ ಮನೆಯನ್ನು ಮಾರುವವನು ಅದರ ಕುಂದುಗಳನ್ನು ಕೊಳ್ಳುವವನಿಗೆ ತಿಳಿಸಬೇಕೆಂಬ ಕಾನೂನು 2019ರಿಂದಲೇ ಇದೆ. ಮಾರಾಟದ ವೇಳೆಯಲ್ಲಿ ಗಾಳಿಕಿಂಡಿ, ಸೂರುಗಳನ್ನಾದರೂ ಸರಿಪಡಿಸಲೇಬೇಕು ಎಂದು ಅದನ್ನು ಒಂದು ಹೆಜ್ಜೆ ಮುಂದೊಯ್ಯುವುದು, ಬಡ ಮಾಲೀಕರಿಗೆ ಸರ್ಕಾರವು ಪಾಲು ನೀಡುವುದು ಕಾರ್ಯಸಾಧ್ಯವಾದ ಮಾರ್ಗ.

ಸಣ್ಣ ಉತ್ಪಾದಕರು ಗಮನಿಸಬೇಕಾದ ಅಂಶವೊಂದು ಈ ಸಂಹಿತೆಯಲ್ಲಿದೆ. ಅದು ಇಂತಹ ಕಂಪನಿಯ ಸರಕನ್ನೇ ಬಳಸಿರಿ ಎನ್ನುವುದಿಲ್ಲ. ಸರಕು ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬುದನ್ನಷ್ಟೇ ಹೇಳುತ್ತದೆ. ಹೀಗೆ ತೇರ್ಗಡೆಯಾದವುಗಳ ಪಟ್ಟಿಯನ್ನು ರಾಜ್ಯದ ಅಗ್ನಿಶಾಮಕ ಅಧಿಕಾರಿಯ ಕಚೇರಿ ಇಡುತ್ತದೆ. ಕಿಡಿ ತಡೆಯುವ ಗಾಳಿಕಿಂಡಿಯೊಂದನ್ನೇ ಮುಖ್ಯ ಸರಕಾಗಿಸಿಕೊಂಡ ಸಣ್ಣ ಕಂಪನಿಗಳಿಗೂ ಈ ಪಟ್ಟಿ ತೆರೆದಿದೆ. ಆದರೆ ಪರೀಕ್ಷೆಯ ಶುಲ್ಕ, ಅಚ್ಚು, ದಾಸ್ತಾನು ಇವೆಲ್ಲದರ ವೆಚ್ಚ ಹೊಸ ಮನೆಗಳ ಬೇಡಿಕೆಯೊಂದರಿಂದಲೇ ಗಿಟ್ಟುವುದು ಕಷ್ಟ. ಹಳೆಯ ಮನೆಗಳು ನಿಯಮದ ವ್ಯಾಪ್ತಿಗೆ ಬಂದಾಗಲೇ ತಯಾರಕನು ಸರಕನ್ನು ಹೆಚ್ಚು ತಯಾರಿಸಿ ಬೆಲೆ ಇಳಿಸಬಲ್ಲನು.